ಮಂಡಿಯಲ್ಲಿ ಕೂತು ನಂಬಿಕೆ ಉಳಿಸಿಕೊಳ್ಳೋದು ಹೇಗೆ?

ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಚರ್ಚಿನ ಹುಡುಗರೂ ಕೇಳುತ್ತಾರೆ, ಮಂಡಿಗೆ ಬರುವವರೂ ಕೇಳುತ್ತಾರೆ: "ಅಣ್ಣ, ದಿನಾ ದುಡ್ಡಿನ ಮಧ್ಯೆ ಕೂತ್ಕೊಂಡು ನಂಬಿಕೆ ಹೇಗೆ ಉಳಿಸ್ಕೊಳ್ತೀರಾ? ಪ್ರಾರ್ಥನೆ ಮಾಡಿದ್ರೆ ಸಾಕಾ?"

ಪ್ರಾರ್ಥನೆ ಬೇಕೇ ಬೇಕು. ಆದರೆ ಅದು ನನ್ನನ್ನು ಅಲ್ಲೇ ಕೂರಲು ಬಿಡೋದಿಲ್ಲ. ಎಬ್ಬಿಸಿ ಯಾರದೋ ಮನೆಗೆ ಕಳಿಸುತ್ತೆ.

2023ರ ಜುಲೈ ನೆನಪಿದೆ ಅಲ್ವಾ? ಬೆಳೆ ಕಮ್ಮಿಯಾಗಿ, 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಹರಾಜಿನ ಗಲಾಟೆಯಲ್ಲಿ ಒಬ್ಬ ರೈತರ ಚೀಟಿಯಲ್ಲಿದ್ದ 37 ಬಾಕ್ಸ್ ನನಗೆ 31 ಅಂತ ಕಂಡಿತು, ಹಾಗೇ ಅವರ ಮಾರಾಟದ ಪಟ್ಟಿ ಬರೆದು ದುಡ್ಡು ಕೊಟ್ಟು ಕಳಿಸಿಬಿಟ್ಟೆ. ಸಂಜೆ ಲೆಕ್ಕ ಕೂಡಿಸಿದಾಗ 12,000 ಜಾಸ್ತಿ. ಯಜಮಾನರು ಆಗಲೇ ಮನೆಗೆ ಹೋಗಿದ್ದರು. ಆ ತಿಂಗಳು ಮಗಳ ಫೀಸು ಬಾಕಿ ಇತ್ತು. ಯಾರೂ ಕೇಳುವವರಿಲ್ಲ ಅನ್ನೋ ಯೋಚನೆ ಬಂತು, ಬರಲಿಲ್ಲ ಅಂತ ಸುಳ್ಳು ಹೇಳೋದಿಲ್ಲ.

ರಾತ್ರಿ ಮೊಣಕಾಲೂರಿದೆ. ಮಾತೇ ಬರಲಿಲ್ಲ. ಬೈಬಲಿನ ಮತ್ತಾಯನ ಸುವಾರ್ತೆ ಐದನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕಾಣಿಕೆ ಕೊಡಲು ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುತ್ತಾನೆ. ಇಲ್ಲಿ ಆ ರೈತರಿಗೆ ವಿಷಯವೇ ಗೊತ್ತಿರಲಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ.

ಬೆಳಿಗ್ಗೆ ಯಜಮಾನರಿಗೆ ಚೀಟಿ ತೋರಿಸಿದೆ. ಅವರು ಒಂದು ಮಾತೂ ಆಡದೆ ದುಡ್ಡು ಎಣಿಸಿ ಕೊಟ್ಟರು. ಮಧ್ಯಾಹ್ನ ಬೈಕಿನಲ್ಲಿ ಮುಳಬಾಗಿಲ ಕಡೆ ಹೋದೆ. ಆ ರೈತರು ತೋಟದಲ್ಲಿ ಗಿಡಕ್ಕೆ ದಾರ ಕಟ್ಟುತ್ತಿದ್ದರು. ದುಡ್ಡು ಕೈಗಿಟ್ಟು ತಪ್ಪು ನನ್ನದೇ ಅಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ "ಊಟ ಆಯ್ತೇನಪ್ಪಾ?" ಅಂತ ಕೇಳಿದರು, ಅಷ್ಟೇ. ಮುದ್ದೆ, ಸೊಪ್ಪಿನ ಸಾರು ಉಂಡು ಬಂದೆ. ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಮಾತು ತಾನಾಗಿಯೇ ಬಂತು.

ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿ ಪುಸ್ತಕ ಹೇಳುತ್ತೆ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅಂತ ಅದರದ್ದೇ ಇನ್ನೊಂದು ಪುಸ್ತಕ ಯಾಜಕಕಾಂಡದಲ್ಲಿದೆ. ಇವು ಮಂಡಿಯವರಿಗಂತಲೇ ಬರೆದ ಹಾಗಿವೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಹಮಾಲಿಗಳ ಕೂಲಿ ಕೊಡದೆ ನಾನು ಪುಸ್ತಕ ಮುಚ್ಚೋದಿಲ್ಲ.

ದಿನದ ಪ್ರಾರ್ಥನೆ ಚಿಕ್ಕದು. ಮನೆಯವರು ಏಳುವ ಮೊದಲು, ಬಾಗಿಲು ಹಾಕಿಕೊಂಡು, ಅವತ್ತು ಎದುರಾಗುವವರ ಹೆಸರು ಒಂದೊಂದೇ ಹೇಳುತ್ತೇನೆ. ಸಾಲ ತೀರಿಸದವರದ್ದೂ ಸೇರಿಸಿ. ಬೆಳಿಗ್ಗೆ ಯಾರ ಹೆಸರು ಹೇಳಿರುತ್ತೇನೋ ಅವರಿಗೆ ಮಧ್ಯಾಹ್ನ ಬೈಯೋದು ಕಷ್ಟವಾಗುತ್ತೆ.

ಆದರೂ ಬೈಯುತ್ತೇನೆ. ಮೊನ್ನೆ ಬಾಕ್ಸ್ ಬೀಳಿಸಿದ ಅಂತ ಒಬ್ಬ ಹಮಾಲಿ ಹುಡುಗನ ಮೇಲೆ ಎಲ್ಲರ ಎದುರು ರೇಗಿಬಿಟ್ಟೆ. ನಿನ್ನೆ ಅವನು ಕೆಲಸಕ್ಕೆ ಬರಲಿಲ್ಲ. ಇವತ್ತೂ ಇಲ್ಲ. ಅವನ ಮನೆ ಎಲ್ಲಿ ಅಂತ ವಿಚಾರಿಸಿದ್ದೇನೆ, ಸಂಜೆ ಹೋಗಿ ಬರಬೇಕು.