ಬಾಗಿಲು ಹಾಕ್ಕೊಂಡು ಒಳಗ ಏನ್ ಮಾಡ್ತೀರಿ?

"ಅಲ್ರೀ, ತಿಂಗಳಿಗೊಮ್ಮೆ ಕರೀ ಸೂಟ್ ಹಾಕ್ಕೊಂಡು, ಕೈಯಾಗ ಒಂದು ಚಪ್ಪಟಿ ಪೆಟ್ಟಿಗಿ ಹಿಡ್ಕೊಂಡು ಹೋಗ್ತೀರಿ. ಬಾಗಿಲು ಹಾಕ್ಕೊಂಡು ಒಳಗ ಏನ್ ಮಾಡ್ತೀರಿ?" ಫ್ರೀಮೇಸನ್, ಅಂದರೆ ತನ್ನದೇ ವಿಧಿಗಳಿರುವ ಒಂದು ಹಳೆಯ ಸೋದರ ಸಂಘದ ಸದಸ್ಯ, ಎಂದು ಗೊತ್ತಾದ ಮೇಲೆ ಬಳ್ಳಾರಿಯಲ್ಲಿ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಲ್ಲಿ ಕೆಲವರು ಯೂಟ್ಯೂಬ್ ನೋಡಿ ಬಂದವರು. ಅವರಿಗೆ ಬೇಕಾದದ್ದು ತಲೆಬುರುಡೆ, ಇಲ್ಯುಮಿನಾಟಿ ಎಂಬ ಗುಪ್ತಕೂಟ, ಲೋಕವನ್ನೇ ಆಳುವ ಸಂಚು. ಅವರನ್ನು ತೃಪ್ತಿಪಡಿಸುವುದು ನನ್ನ ಕೈಲಾಗದ ಕೆಲಸ. ನಿಜಕ್ಕೂ ತಿಳಿಯಬೇಕೆಂದು ಕೇಳುವವರಿಗೆ ಈ ಉತ್ತರ.

ಚಿಕ್ಕದಾಗಿ ಹೇಳುವುದಾದರೆ, ಹಿಂದಿನ ಸಭೆಯ ನಡಾವಳಿ ಓದುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ, ಬಾಯಿಪಾಠ ಮಾಡಿದ ಒಂದು ವಿಧಿಯನ್ನು ನಡೆಸುತ್ತೇವೆ, ದಾನದ ಚೀಲ ತಿರುಗಿಸುತ್ತೇವೆ, ಕೊನೆಗೆ ಒಟ್ಟಿಗೆ ಕೂತು ಉಣ್ಣುತ್ತೇವೆ. ಒಬ್ಬರನ್ನೊಬ್ಬರು ಗುರುತಿಸುವ ಕೆಲವು ಸನ್ನೆ, ಕೆಲವು ಪದಗಳಿವೆ. ಅವನ್ನು ಹೊರಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿರುವುದರಿಂದ ಇಲ್ಲೂ ಹೇಳುವುದಿಲ್ಲ. ಉಳಿದದ್ದೆಲ್ಲ ಧಾರಾಳವಾಗಿ ಹೇಳಬಹುದು. ನನ್ನನ್ನು ಕೇಳಿದರೆ ಲಾಡ್ಜ್ (ಮೇಸನ್ನರ ಒಂದೊಂದು ಘಟಕದ ಹೆಸರು ಇದು, ತಂಗುವ ಲಾಡ್ಜ್ ಅಲ್ಲ) ನಡೆಯುವುದು ಗುಟ್ಟಿನಿಂದಲ್ಲ, ಹಾಜರಿ ಪುಸ್ತಕ, ಫೋನು, ಅಡುಗೆ ಲೆಕ್ಕ ಇಂಥ ಸಣ್ಣ ಕೆಲಸಗಳಿಂದ. ಅವು ಕೆಟ್ಟರೆ ಎಷ್ಟೇ ಗಂಭೀರವಾದ ವಿಧಿಯೂ ಖಾಲಿ ಕುರ್ಚಿಗಳ ಮುಂದೆ ನಡೆಯುತ್ತದೆ.

ಹಿನ್ನೆಲೆ ಒಂದಿಷ್ಟು. ಹಲವು ಲಾಡ್ಜ್ ಸೇರಿದ ಮೇಲಿನ ಸಂಸ್ಥೆಯೇ ಗ್ರ್ಯಾಂಡ್ ಲಾಡ್ಜ್. ಮೊದಲನೆಯದು ಹುಟ್ಟಿದ್ದು ಲಂಡನ್ನಿನಲ್ಲಿ, 1717ರಲ್ಲಿ. ಈ ದೇಶಕ್ಕೆ ಇದನ್ನು ತಂದವರು ಈಸ್ಟ್ ಇಂಡಿಯಾ ಕಂಪನಿಯ ನೌಕರರು, ಸೇನೆಯವರು. ನಮ್ಮ ಸೀಮೆ 1800ರಲ್ಲಿ ನಿಜಾಮನ ಕೈಯಿಂದ ಕಂಪನಿಗೆ ಹೋಗಿ ಬಳ್ಳಾರಿ ಕಂಟೋನ್ಮೆಂಟ್ ಊರಾಯಿತು, 1953ರವರೆಗೂ ಮದ್ರಾಸಿಗೆ ಸೇರಿತ್ತು. 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಬೇರೆಯಾಗಿ ನಿಂತಿತು. ಅದರ ದಕ್ಷಿಣ ಭಾರತದ ಕಚೇರಿ ಇರುವುದು ಚೆನ್ನೈಯಲ್ಲಿ. ರಾಜ್ಯ ಬದಲಾಗಿ ಎಪ್ಪತ್ತು ವರ್ಷ ದಾಟಿದರೂ ಮೇಸನ್ನರ ಕಾಗದಪತ್ರ ಇನ್ನೂ ಮದ್ರಾಸ್ ದಾರಿಯನ್ನೇ ಹಿಡಿಯುತ್ತದೆ! "ಇದು ಬಿಳಿಯರ ಕ್ಲಬ್ಬು ಅಲ್ವೇನ್ರಿ?" ಎನ್ನುವವರಿಗೆ ಒಂದು ಮಾತು. ವಿವೇಕಾನಂದರು, ಆಗಿನ್ನೂ ನರೇಂದ್ರನಾಥ ದತ್ತರು, 1884ರಲ್ಲಿ ಕಲ್ಕತ್ತೆಯ ಲಾಡ್ಜ್ ಒಂದರಲ್ಲಿ ದೀಕ್ಷೆ ಪಡೆದಿದ್ದರು. ಮೋತಿಲಾಲ್ ನೆಹರೂ ಕೂಡ ಮೇಸನ್ನರೇ.

ತಿಂಗಳ ಕೆಲಸ ಶುರುವಾಗುವುದು ಸಮನ್ಸ್‌ನಿಂದ. ಸೆಕ್ರೆಟರಿ ಎಲ್ಲ ಸದಸ್ಯರಿಗೆ ಕಳಿಸುವ ಕರೆಯೋಲೆ ಅದು. ದಿನ, ಹೊತ್ತು, ಅಂದು ಯಾವ ಡಿಗ್ರಿಯ (ಸದಸ್ಯರು ಏರುವ ಮೂರು ಮೆಟ್ಟಿಲುಗಳಲ್ಲಿ ಒಂದರ) ಕೆಲಸ, ಸೇರಬಯಸುವ ಯಾರ ಹೆಸರು ಮತದಾನಕ್ಕೆ ಬರುತ್ತದೆ, ಎಲ್ಲ ಅದರಲ್ಲಿರಬೇಕು. ಸಭೆಯ ದಿನ ಲಾಡ್ಜ್‌ನ ಬೈಲಾದಲ್ಲೇ ಗೊತ್ತಾಗಿರುತ್ತದೆ, ತಿಂಗಳ ಎರಡನೇ ಶನಿವಾರ ಎಂಬಂತೆ. ಅವತ್ತೇ ನಾಲ್ಕು ಮದುವೆ ಬಂದವೆಂದು ಮುಂದೂಡುವ ಅಧಿಕಾರ ಸೆಕ್ರೆಟರಿಗಿಲ್ಲ, ಲಾಡ್ಜ್ ಮುಖ್ಯಸ್ಥರಾದ ಮಾಸ್ಟರ್‌ಗೂ ಇಲ್ಲ. ಮೇಲಿನಿಂದ ಅನುಮತಿ ತರಬೇಕು, ಅದಕ್ಕೆ ಡಿಸ್ಪೆನ್ಸೇಷನ್ ಎನ್ನುತ್ತಾರೆ. ಮತಕ್ಕೆ ಬರಬೇಕಾದ ಹೆಸರು ಸಮನ್ಸ್‌ನಲ್ಲಿ ಬಿಟ್ಟುಹೋಯಿತೋ, ಅಭ್ಯರ್ಥಿ ಮುಂದಿನ ಸಭೆವರೆಗೆ ಕಾಯಬೇಕು. ಸೆಕ್ರೆಟರಿಯ ಕೈತಪ್ಪುಗಳಲ್ಲಿ ದುಬಾರಿಯಾದದ್ದು ಇದೇ.

ಸಭೆಯ ದಿನ ಮೊದಲು ಬರುವವರು ಟೈಲರ್. ಇವರು ಬಾಗಿಲ ಹೊರಗೆ ಕತ್ತಿ ಹಿಡಿದು ಕಾಯುವವರು. ನೋಡುವವರಿಗೆ ಕತ್ತಿಯೇ ಕಾಣುತ್ತದೆ, ಆದರೆ ಅವರ ನಿಜವಾದ ಆಯುಧ ಹಾಜರಿ ಪುಸ್ತಕ. ಬಂದವರೆಲ್ಲರ ಸಹಿ, ಅತಿಥಿಗಳಾದರೆ ಅವರ ಲಾಡ್ಜ್‌ನ ಹೆಸರು ಮತ್ತು ನಂಬರು, ಗೊತ್ತಿಲ್ಲದ ಮುಖವಾದರೆ ಗ್ರ್ಯಾಂಡ್ ಲಾಡ್ಜ್ ಸರ್ಟಿಫಿಕೇಟು. ತಡವಾಗಿ ಬಂದವರನ್ನು ಯಾವಾಗ ಬಾಗಿಲು ತಟ್ಟಿ ಒಳಗೆ ಬಿಡಬೇಕು ಎಂಬ ಅಂದಾಜೂ ಅವರಿಗಿರಬೇಕು. ದೀಕ್ಷೆಯ ನಡುವೆ ತಟ್ಟಿದರೆ ಮಾತು ಹೇಳುತ್ತಿದ್ದವರ ಎಳೆ ಹರಿಯುತ್ತದೆ.

ಆ ಚಪ್ಪಟೆ ಪೆಟ್ಟಿಗೆಯಲ್ಲಿರುವುದು ಏಪ್ರನ್. ಹೊಸಬರದು ಬರೀ ಬಿಳಿ ಕುರಿಮರಿಯ ಚರ್ಮ. ಎರಡನೇ ಡಿಗ್ರಿಗೆ ಎರಡು ತಿಳಿನೀಲಿ ಹೂ, ಮೂರನೆಯದಕ್ಕೆ ನೀಲಿ ಅಂಚು ಮತ್ತು ಮೂರು ಹೂ. ಬಳ್ಳಾರಿಯ ಏಪ್ರಿಲ್-ಮೇನಲ್ಲಿ, ತಾಪ ನಲವತ್ತು ದಾಟಿದಾಗ, ಕೋಟು, ಟೈ, ಬಿಳಿ ಕೈಗವಸು, ಮೇಲೊಂದು ಚರ್ಮದ ಏಪ್ರನ್ ಎಂದರೆ ಹರಕೆ ತೀರಿಸಿದಂತೆಯೇ. ಫ್ಯಾನ್ ಹಾಕದೆ ಇರಲಾಗದು, ಹಾಕಿದರೆ ಪೀಠದ ಮೇಣದಬತ್ತಿ ನಿಲ್ಲದು. ಗಾಜಿನ ಚಿಮಣಿಯೋ ಬ್ಯಾಟರಿ ದೀಪವೋ ಇದ್ದರೆ ಆ ತಾಪತ್ರಯವಿಲ್ಲ. ಕರೆಂಟ್ ಹೋದಾಗ ಯುಪಿಎಸ್‌ಗೆ ಫ್ಯಾನ್ ಮೊದಲೋ ದೀಪ ಮೊದಲೋ ಎಂಬುದನ್ನೂ ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು.

ಒಳಗೆ ಪೂರ್ವಕ್ಕೆ ಮಾಸ್ಟರ್, ಪಶ್ಚಿಮಕ್ಕೆ ಅವರ ನಂತರದ ಅಧಿಕಾರಿ ಸೀನಿಯರ್ ವಾರ್ಡನ್, ದಕ್ಷಿಣಕ್ಕೆ ಜೂನಿಯರ್ ವಾರ್ಡನ್. ಕಟ್ಟಡದ ಮುಖ ಯಾವ ಕಡೆಗಿದ್ದರೂ ಮಾಸ್ಟರ್ ಕೂತದ್ದೇ ಪೂರ್ವ. ವಾಸ್ತು ನೋಡುವವರು ಈ ಒಂದು ವಿಷಯದಲ್ಲಿ ನಮ್ಮನ್ನು ಕ್ಷಮಿಸಬೇಕು. ನಡುವೆ ಕಪ್ಪು-ಬಿಳಿ ಚೌಕದ ಹಾಸು. ಪೀಠದ ಮೇಲೆ ಗೀತೆ, ಕುರಾನ್, ಬೈಬಲ್ಲಿನಂಥ ಧರ್ಮಗ್ರಂಥಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಪ್ರಮಾಣ ಮಾಡುವವರು ತಮ್ಮ ಗ್ರಂಥದ ಮೇಲೆ ಕೈಯಿಟ್ಟು ಮಾಡುತ್ತಾರೆ.

ತೆರೆದ ಗ್ರಂಥದ ಮೇಲೆ ಒಂದು ಮೂಲೆಮಟ್ಟ, ಒಂದು ಕೈವಾರ. ಮೊದಲ ಡಿಗ್ರಿಯಲ್ಲಿ ಕೈವಾರದ ಎರಡೂ ಮೊನೆ ಮೂಲೆಮಟ್ಟದ ಕೆಳಗಿರುತ್ತವೆ. ಎರಡನೆಯದರಲ್ಲಿ ಒಂದು ಮೊನೆ ಮೇಲೆ ಬರುತ್ತದೆ, ಮೂರನೆಯದರಲ್ಲಿ ಎರಡೂ. ತಿಳಿದವರು ಅಷ್ಟನ್ನೇ ನೋಡಿ ಸಭೆ ಎಲ್ಲಿಗೆ ಬಂದಿದೆ ಎಂದು ಹೇಳಬಲ್ಲರು. ಇಬ್ಬರೂ ವಾರ್ಡನ್ನರ ಮೇಜಿನ ಮೇಲೆ ಒಂದೊಂದು ಪುಟ್ಟ ಕಂಬವಿದೆ. ಸಭೆ ನಡೆಯುವಾಗ ಸೀನಿಯರ್ ವಾರ್ಡನ್ನರ ಕಂಬ ನಿಂತಿರುತ್ತದೆ, ಜೂನಿಯರ್‌ದು ಮಲಗಿರುತ್ತದೆ. ವಿರಾಮ ಕೊಟ್ಟಾಗ ಅದಲುಬದಲು, ಏಕೆಂದರೆ ಉಪಾಹಾರದ ಹೊತ್ತು ಜೂನಿಯರ್ ವಾರ್ಡನ್ನರ ಉಸ್ತುವಾರಿ. ವಿರಾಮ ಮುಗಿದ ಮೇಲೆ ಕಂಬ ಎತ್ತಿ ಇಡಲು ಮರೆಯುವುದು ಎಲ್ಲ ಲಾಡ್ಜ್‌ಗಳಲ್ಲೂ ನಡೆಯುವ ತಪ್ಪು. ಹಿಂದಿನ ಸಾಲಿನ ಹಳಬರು ಅದಕ್ಕೇ ಕಾದಿರುತ್ತಾರೆ.

ನಡಾವಳಿ ಓದಿ ಒಪ್ಪಿಗೆಯಾದ ಮೇಲೆ ಮತದಾನ. ಮತಪೆಟ್ಟಿಗೆಗೆ ಕೈ ತೂರಿಸುವಷ್ಟು ಬಾಯಿ, ಒಳಗೆ ಎರಡು ಖಾನೆ, ಒಂದು ಬೇಕು ಎನ್ನಲು, ಇನ್ನೊಂದು ಬೇಡ ಎನ್ನಲು. ಕೈ ಮುಚ್ಚಿ ಒಳಗೆ ಹಾಕಿದರೆ ಗುಂಡು ಯಾವ ಕಡೆ ಬಿತ್ತೆಂದು ಪಕ್ಕದವರಿಗೂ ಕಾಣುವುದಿಲ್ಲ. ಕೆಲವು ಕಡೆ ಖಾನೆಯ ಬದಲು ಬಿಳಿ-ಕರಿ ಗುಂಡು. ಮೊದಲು ಪೆಟ್ಟಿಗೆ ಖಾಲಿ ಇದೆಯೆಂದು ತೋರಿಸಬೇಕು, ಕೊನೆಗೆ ಗುಂಡಿನ ಲೆಕ್ಕ ತಲೆ ಲೆಕ್ಕಕ್ಕೆ ತಾಳೆಯಾಗಬೇಕು. ಯಾವ ಕಡೆ ಯಾವುದು ಎಂದು ಹೊಸಬರಿಗೆ ಸರಿಯಾಗಿ ಹೇಳದಿದ್ದರೆ ಒಳ್ಳೆಯ ಅಭ್ಯರ್ಥಿಗೂ ಅಡ್ಡ ಬೀಳುತ್ತದೆ. ಹಾಗೆಂದು ಮತಪೆಟ್ಟಿಗೆ ಬಂದ ದಿನ ಯೋಚಿಸಲು ಕೂರುವುದೂ ಸರಿಯಲ್ಲ. ಅದಕ್ಕೂ ಮೊದಲೇ ಇಬ್ಬರು ಮೂವರು ಅಭ್ಯರ್ಥಿಯ ಮನೆಗೆ ಹೋಗಿ, ಮನೆಯವರೊಂದಿಗೆ ಕೂತು, ಇವರು ಬರುವುದು ಅವರಿಗೂ ಒಪ್ಪಿಗೆಯೇ ಎಂದು ಕೇಳಿ ಬಂದಿರಬೇಕು. ಅರ್ಧ ಗಂಟೆ ಚಹಾ ಕುಡಿದು ಬರುವ ಈ ಭೇಟಿಯನ್ನು ಶಾಸ್ತ್ರಕ್ಕೆ ಮುಗಿಸುವ ಲಾಡ್ಜ್‌ಗಳು ಆಮೇಲೆ ಬಾಕಿ ವಸೂಲಿಯಲ್ಲಿ ಹೈರಾಣಾಗುತ್ತವೆ.

ದೀಕ್ಷೆಯ ದಿನ ಅಭ್ಯರ್ಥಿಯಿಂದ ದುಡ್ಡು, ವಾಚು, ಲೋಹದ ವಸ್ತು ಎಲ್ಲ ಹೊರಗೇ ತೆಗೆದಿಡಿಸುತ್ತಾರೆ, ಕಣ್ಣು ಕಟ್ಟಿ ಒಳಗೆ ಕರೆತರುತ್ತಾರೆ. ಬೆರಳಿಂದ ಬಾರದ ಉಂಗುರವಿದ್ದರೆ ಎರಡು ದಿನ ಮೊದಲೇ ಕೇಳಿಕೊಳ್ಳುವುದು ಲೇಸು. ಇಲ್ಲದಿದ್ದರೆ ಹೊರಗೆ ಸೋಪು ನೀರು, ಒಳಗೆ ಐವತ್ತು ಜನ ಕಾಯುವುದು. ಈ ತೆಗೆದಿಡಿಸುವುದರ ಅರ್ಥ ವಿಧಿಯ ಕೊನೆಯ ಹೊತ್ತಿಗೆ ತಿಳಿಯುತ್ತದೆ. ಹೊಸಬರನ್ನು ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ದಾನಕ್ಕೆ ಏನಾದರೂ ಕೊಡಿ ಎಂದು ಕೇಳುತ್ತಾರೆ. ಕಿಸೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಗಣಿ ಮಾಲೀಕರಾಗಲಿ, ಜೀನ್ಸ್ ಕಾರ್ಖಾನೆಯವರಾಗಲಿ, ಡಾಕ್ಟರಾಗಲಿ, ಎಲ್ಲರ ಕೈಯೂ ಆಗ ಬರಿದೇ. ನಮ್ಮಲ್ಲಿ ನಡೆಯುವುದರಲ್ಲೆಲ್ಲ ಅತ್ಯಂತ ಚೊಕ್ಕವಾದದ್ದು ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಮಾತುಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಹಳೇ ಇಂಗ್ಲಿಷಿನಲ್ಲಿ, ಪುಸ್ತಕ ನೋಡದೆ. ಒಂದು ದೀಕ್ಷೆಗೆ ಮಾಸ್ಟರ್ ಹೇಳಬೇಕಾದದ್ದೇ ಪುಟಗಟ್ಟಲೆ. ಅದಕ್ಕಾಗಿ ಸಭೆಗೆ ಮುಂಚೆ ತಾಲೀಮು ನಡೆಸುತ್ತಾರೆ. ಅಲ್ಲಿಗೆ ಮೂವರೇ ಬಂದರೆ ಅಂದಿನ ಕೆಲಸ ಹೇಗೆ ನಡೆಯುತ್ತದೆಂದು ಆಗಲೇ ಹೇಳಬಹುದು. ಸಾಲು ಮರೆಯುವುದು ದೊಡ್ಡ ತಪ್ಪಲ್ಲ. ಮರೆತಾಗ ನಾಲ್ಕು ಮೂಲೆಯಿಂದ ನಾಲ್ವರು ನಾಲ್ಕು ಪದ ಎತ್ತಿಕೊಡುವುದು ತಪ್ಪು. ಎತ್ತಿಕೊಡಲು ಒಬ್ಬರನ್ನೇ ನೇಮಿಸಬೇಕು, ಅವರೂ ಎರಡು ಉಸಿರು ಕಾದು ಹೇಳಬೇಕು. ಕೆಲವರು ಭಾವಕ್ಕಾಗಿ ನಿಲ್ಲಿಸುತ್ತಾರೆ, ಮರೆತಲ್ಲ.

ಆಮೇಲೆ ಮಾಸ್ಟರ್ ಮೂರು ಸಲ ಎದ್ದು, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ. ಪತ್ರಗಳು, ಪ್ರಸ್ತಾವಗಳು, ಅತಿಥಿಗಳ ಶುಭಾಶಯ. ಇಲ್ಲಿ ಭಾಷಣ ಮಾಡುವವರನ್ನು ದೇವರೇ ಕಾಯಬೇಕು, ಆಚೆ ಅಡುಗೆ ಆರುತ್ತಿರುತ್ತದೆ.

ಊಟದ ಜವಾಬ್ದಾರಿ ಸ್ಟೀವರ್ಡ್‌ಗಳದು, ಲಾಡ್ಜ್‌ನಲ್ಲಿ ಅತಿ ಕಷ್ಟದ ಕೆಲಸ ಇದೇ. ಬಳ್ಳಾರಿಯ ಒಂದು ಮೇಜಿಗೆ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು, ಮಾರವಾಡಿ ಜೈನರು, ರೆಡ್ಡಿಗಳು ಒಟ್ಟಿಗೆ ಕೂರುತ್ತಾರೆ. ಶನಿವಾರ ಹನುಮಪ್ಪನ ವಾರವೆಂದು ಮಾಂಸ ಮುಟ್ಟದವರು ಬಹಳ, ಶ್ರಾವಣದಲ್ಲಿ ಇನ್ನೂ ಹೆಚ್ಚು. ರಂಜಾನ್ ತಿಂಗಳಲ್ಲಿ ಸಭೆ ಸಂಜೆಗೆ ಬಿದ್ದರೆ ಇಫ್ತಾರ್ ಹೊತ್ತಿಗೆ ಸರಿಯಾಗಿ ವಿರಾಮ ಕೊಡಬೇಕು, ಖರ್ಜೂರ, ಹಣ್ಣು, ನೀರು ಅಷ್ಟರಲ್ಲಿ ಹೊರಗೆ ಸಿದ್ಧವಿರಬೇಕು. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಒಂದು ಪಲ್ಯ ಬೇರೆ, ಸಂಜೆ ಸೂರ್ಯ ಮುಳುಗಿದ ಮೇಲೆ ಉಣ್ಣದವರಿದ್ದರೆ ಅವರಿಗೆ ಸಭೆಗೆ ಮುಂಚೆಯೇ ಬಡಿಸಬೇಕು. ಹಾಗಾಗಿ ಶನಿವಾರದ ಲಾಡ್ಜ್ ಶಾಕಾಹಾರಕ್ಕೆ ಒಗ್ಗಿಕೊಂಡರೆ ಎಲ್ಲರಿಗೂ ನೆಮ್ಮದಿ. ಎರಡೂ ಬೇಕೇಬೇಕು ಎಂದರೆ ಒಲೆ, ಪಾತ್ರೆ, ಸೌಟು, ಬಡಿಸುವ ಮೇಜು ಎಲ್ಲ ಬೇರೆ ಬೇರೆ.

ಲೆಕ್ಕ ಹೀಗೆ. 40 ಜನರಿಗೆ ಪಲಾವ್ ಮುಖ್ಯವಾದರೆ ಕಿಲೋ ಅಕ್ಕಿಗೆ ಎಂಟು ಜನ ಹಿಡಿದು 5 ಕಿಲೋ ಅಕ್ಕಿ. ಜೊತೆಗೆ ರೊಟ್ಟಿ, ಎಣ್ಣೆಗಾಯಿ ಇದ್ದರೆ 4 ಕಿಲೋ ಸಾಕು, ರೊಟ್ಟಿ ತಲೆಗೆ ಎರಡರಂತೆ 80. ವಿಧಿ ತಡವಾಗುವುದು ಖಚಿತವಾದ್ದರಿಂದ ಕಾಯಬಲ್ಲ ಅಡುಗೆಯನ್ನೇ ಆರಿಸಬೇಕು. ಬಿಸಿ ರೊಟ್ಟಿ ಮುಕ್ಕಾಲು ಗಂಟೆಗೆ ಬಿರುಸಾಗುತ್ತದೆ, ಖಡಕ್ ರೊಟ್ಟಿಗೆ ಆ ಚಿಂತೆಯಿಲ್ಲ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಕಾಯುತ್ತವೆ. ಮಿರ್ಚಿ ಮಾತ್ರ ಸಭೆ ಮುಗಿದ ಗಂಟೆ ಬಾರಿಸಿದ ಮೇಲೆಯೇ ಎಣ್ಣೆಗೆ ಬೀಳಬೇಕು. ಬರುತ್ತೇನೆಂದು ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು ತೋರಿಸುವವರನ್ನು ನಂಬಿ ಅಡುಗೆಯವರಿಗೆ ಲೆಕ್ಕ ಕೊಡಬಾರದು, ಹಿಂದಿನ ದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಬೇಕು.

ಊಟದ ಮೇಜಿಗೂ ಕ್ರಮವಿದೆ. ಸರದಿಯಂತೆ ಟೋಸ್ಟ್‌ಗಳು, ಲೋಟದಲ್ಲಿ ಮೋಸಂಬಿ ರಸವಿದ್ದರೂ ನಡೆಯುತ್ತದೆ. ಕೊನೆಯದು ಟೈಲರ್ ಟೋಸ್ಟ್. ನೆಲದ ಮೇಲೆ, ನೀರಿನ ಮೇಲೆ ಎಲ್ಲೇ ಇರಲಿ, ಕಷ್ಟದಲ್ಲಿರುವ ಮೇಸನ್ನರಿಗೆ ಬೇಗ ನೆರವು ಸಿಗಲಿ, ಬಯಸಿದರೆ ತಮ್ಮ ನಾಡಿಗೆ ಸುಖವಾಗಿ ಮರಳಲಿ ಎಂಬುದು ಅದರ ಸಾರಾಂಶ. ಇಂಗ್ಲಿಷು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಕನ್ನಡ, ತೆಲುಗು, ದಖನಿ, ಯಾರ ಬಾಯಿಗೆ ಯಾವುದು ಬಂತೋ ಅದು.

ರಾಜಕೀಯ ಮತ್ತು ಧರ್ಮದ ವಾದ ಲಾಡ್ಜ್‌ನಲ್ಲಿ ನಿಷಿದ್ಧ. ಮೇಸನ್ನರ 1723ರ ಸಂವಿಧಾನ ಗ್ರಂಥದಿಂದ ಬಂದ ಕಟ್ಟು ಇದು. ಚುನಾವಣೆ ಬಂತೆಂದರೆ ಅಣ್ಣತಮ್ಮಂದಿರೇ ಬೇರೆ ಬೇರೆ ಬಾವುಟ ಹಿಡಿಯುವ ಊರಿನಲ್ಲಿ ಈ ಕಟ್ಟಿನ ಬೆಲೆ ಹೊರಗಿನವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಇಬ್ಬರು ಸದಸ್ಯರ ನಡುವೆ ಜಗಳವಿದ್ದರೆ ಏಪ್ರನ್ ಕಟ್ಟುವ ಮುಂಚೆ ಹೊರಗೆ ಹೋಗಿ ಬಗೆಹರಿಸಿಕೊಂಡು ಬರಬೇಕು, ಬಗೆಹರಿಯದಿದ್ದರೆ ಒಳಗೆ ಬರಬಾರದು ಎಂಬ ನಿಯಮವೂ ಇದೆ. ವ್ಯಾಪಾರಕ್ಕಾಗಿ ಸೇರುವವರು ವರ್ಷದೊಳಗೇ ಕಾಣೆಯಾಗುತ್ತಾರೆ, ಅವರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೊರಗೆ ಯಾರಿಗೂ ಗೊತ್ತಿಲ್ಲದ ಹುದ್ದೆ ಆಲ್ಮನರ್‌ದು. ಎರಡು ಸಭೆ ತಪ್ಪಿಸಿದವರಿಗೆ ಫೋನು, ಆಸ್ಪತ್ರೆಗೆ ಸೇರಿದವರ ಬಳಿ ಭೇಟಿ, ತೀರಿಹೋದ ಸದಸ್ಯರ ಹೆಂಡತಿಗೆ ಪಿಂಚಣಿ ಅರ್ಜಿಯೋ ಬ್ಯಾಂಕ್ ನಾಮಿನಿ ಕಾಗದವೋ ತುಂಬಿಕೊಡುವುದು, ಇವು ಆಲ್ಮನರ್ ಕೆಲಸ. ನೆರವು ಪಡೆದವರ ಹೆಸರು ಸಭೆಯಲ್ಲಿ ಹೇಳುವಂತಿಲ್ಲ, ಮೊತ್ತ ಮಾತ್ರ. ಈ ಹುದ್ದೆಗೆ ನಿವೃತ್ತರಾದ, ಹೆಚ್ಚು ಮಾತಾಡದ ಒಬ್ಬರು ಸಿಕ್ಕರೆ ಲಾಡ್ಜ್‌ನ ಪುಣ್ಯ.

ಕೊನೆಗೆ, "ನಾವೂ ಸೇರಬಹುದೇನ್ರಿ?" ಎಂಬ ಉಪಪ್ರಶ್ನೆ. ಬನ್ನಿ ಎಂದು ಯಾರ ಹಿಂದೆಯೂ ಬೀಳುವ ಪದ್ಧತಿ ಇಲ್ಲದ್ದರಿಂದ ನೀವೇ ಕೇಳಬೇಕು. ಗೊತ್ತಿರುವ ಮೇಸನ್ನರನ್ನು ಕೇಳಿ, ಇಲ್ಲದಿದ್ದರೆ ಚೆನ್ನೈ ಕಚೇರಿಗೆ ಬರೆಯಿರಿ. ಇಬ್ಬರು ಸದಸ್ಯರು ನಿಮ್ಮ ಹೆಸರು ಸೂಚಿಸಿ ಅನುಮೋದಿಸಬೇಕು. ದೇವರೊಬ್ಬನಿದ್ದಾನೆ ಎಂಬ ನಂಬಿಕೆ ಇರಬೇಕು, ಯಾವ ಹೆಸರಿನ ದೇವರು ಎಂದು ಕೇಳುವುದಿಲ್ಲ. ಇಲ್ಲಿ ಸದಸ್ಯತ್ವ ಗಂಡಸರಿಗೆ ಮಾತ್ರ. ಇದನ್ನು ಒಪ್ಪದವರು ಬಹಳ ಜನ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಮನೆಯವರನ್ನೂ ಕರೆದು ಊಟ ಹಾಕುವ ಸಂಜೆಗಳಿವೆ, ಮೊದಲು ಅದಕ್ಕೆ ಬಂದು ನೋಡಿ. ಪ್ರವೇಶ ಶುಲ್ಕ, ವರ್ಷದ ಚಂದಾ, ಏಪ್ರನ್ ಖರ್ಚು, ಊಟದ ಪಾಲು, ನಾಲ್ಕನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಮನೆ ಖರ್ಚಿಗೆ ಕೊರತೆಯಾಗುವಂತಿದ್ದರೆ ಸೇರಬೇಡಿ. ಚಂದಾ ಬಾಕಿ ಇಟ್ಟರೆ ಬಾಕಿಯಿಲ್ಲವೆಂಬ ಕ್ಲಿಯರೆನ್ಸ್ ಪತ್ರ ಸಿಗುವುದಿಲ್ಲ, ನಾಳೆ ಬೆಂಗಳೂರಿಗೋ ಹೈದರಾಬಾದಿಗೋ ವರ್ಗವಾದಾಗ ಅಲ್ಲಿನ ಲಾಡ್ಜ್ ಸೇರಲು ತೊಡಕಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು ಮುಂದಿನ ಹನ್ನೆರಡು ಸಭೆಯ ತಾರೀಖು ತರಿಸಿಕೊಂಡು ತಮ್ಮ ಡ್ಯೂಟಿ ಚಾರ್ಟ್‌ನ ಪಕ್ಕ ಇಟ್ಟು ನೋಡಲಿ. ಹನ್ನೆರಡರಲ್ಲಿ ಎಂಟಕ್ಕಾದರೂ ಬರಲು ಆಗುವಂತಿದ್ದರೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಜನರಲ್ ಶಿಫ್ಟ್ ಸಿಗುವ ತನಕ ತಡೆಯುವುದು ಒಳ್ಳೆಯದು.