ಆಕ್ಸ್‌ಫರ್ಡಿನ ಚೀನೀ ಚಿತ್ರಗಳನ್ನು ನೋಡಹೊರಡುವವರಿಗೆ

ಲಂಡನ್ನಿನ ಮಗಳ ಮನೆಯಲ್ಲಿದ್ದಾಗ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ, ಚೀನೀ ಚಿತ್ರಕಾರ ಚಿ ಬೈಷಿಯ ಚಿತ್ರವನ್ನು ನೋಡಲೇಬೇಕೆಂದು ಎರಡು ದಿನದ ಮಟ್ಟಿಗೆ ಹೊರಟೆ. ಹೋಗಿ ನೋಡಿದರೆ ಅದು ಗೋಡೆಯ ಮೇಲಿರಲಿಲ್ಲ. ರೇಷ್ಮೆ ಮತ್ತು ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಬೇಗ ಮಾಸುವುದರಿಂದ ಕೆಲವು ತಿಂಗಳ ಪ್ರದರ್ಶನದ ಬಳಿಕ ಅವುಗಳನ್ನು ಸುತ್ತಿ ಉಗ್ರಾಣಕ್ಕೆ ಸೇರಿಸಿ ಬೇರೆಯವನ್ನು ತೂಗುಹಾಕುತ್ತಾರೆ. ಮೊದಲೇ ವಿಚಾರಿಸದೆ ಹೊರಟ ತಪ್ಪು ನನ್ನದೇ. ಈಗ ಏನು ತೂಗುಹಾಕಿದ್ದಾರೆ ಎಂಬುದನ್ನು ಕೇಳಿಕೊಂಡೇ ಟಿಕೆಟ್ ತೆಗೆಯಿರಿ.

ಆದರೆ ನಾನು ಹೋದ ಬಸ್ಸಿನ ಟಿಕೆಟ್ ಮಾತ್ರ ಬೇಡ. ಸುಮಾರು ಎರಡು ಗಂಟೆಯೆಂದು ನಂಬಿಸಿದ್ದ ಪ್ರಯಾಣ ಮೂರೂಕಾಲು ಗಂಟೆ ಎಳೆಯಿತು. ಶೌಚಾಲಯಕ್ಕೆ ಬೀಗ ಜಡಿದಿತ್ತು, ನನ್ನ ಕಾಲಡಿಯ ಹೀಟರ್ ಆರಲೇ ಇಲ್ಲ. ನೂಕುನುಗ್ಗಲಿನ ಬಸ್ಸುಗಳಲ್ಲಿ ನಿಂತು ಓಡಾಡಿದ ನನಗೇ ಸಾಕಾಯಿತು. ಮಂಡಿನೋವಿನವರು ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲು ಹಿಡಿಯುವುದು ಲೇಸು, ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಬಸ್ಸಿನ ಪರವಾಗಿ ಹೇಳಬಹುದಾದದ್ದು ಒಂದೇ: ಗ್ಲಾಸ್ಟರ್ ಗ್ರೀನ್ ನಿಲ್ದಾಣದಿಂದ ಸಂಗ್ರಹಾಲಯ ಕೂಗಳತೆಯಲ್ಲಿದೆ.

ಚೀನೀ ಚಿತ್ರಗಳಿಗೆ ಮೀಸಲಾದ ಕೋಣೆಗೆ ಕಲಾ ಇತಿಹಾಸಕಾರ ಮೈಕೆಲ್ ಸಲಿವನ್ ಮತ್ತು ಅವರ ಪತ್ನಿ ಖೋಆನ್ ಅವರ ಹೆಸರಿದೆ. 1940ರಲ್ಲಿ ರೆಡ್ ಕ್ರಾಸ್ ಲಾರಿ ಓಡಿಸಲು ಚೀನಾಕ್ಕೆ ಹೋದ ಸಲಿವನ್, ಅಲ್ಲಿನ ಕಲಾವಿದರ ಸ್ನೇಹದಿಂದ ಬೆಳೆದ ನಾನೂರಕ್ಕೂ ಹೆಚ್ಚು ಕೃತಿಗಳ ಸಂಗ್ರಹವನ್ನು 2013ರಲ್ಲಿ ತೀರಿಕೊಂಡಾಗ ಈ ಸಂಗ್ರಹಾಲಯಕ್ಕೇ ಬಿಟ್ಟುಹೋದರು. ಪ್ರವೇಶ ಉಚಿತ. ನಾನು ಅವಸರದಲ್ಲಿ ದುಡ್ಡು ಕೊಟ್ಟು ಕೊಂಡ ಟಿಕೆಟ್ ಬೇರೊಂದು ವಿಶೇಷ ಪ್ರದರ್ಶನದ್ದಾಗಿತ್ತು.

ಒಳಗೆ ಮಬ್ಬು ಬೆಳಕು; ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ತಿಳಿಬಣ್ಣದ ಅಂಗಿ ತೊಟ್ಟು ಹೋಗಬೇಡಿ: ನನ್ನ ಬಿಳಿ ಅಂಗಿ ಗಾಜಿನಲ್ಲಿ ಮೂಡಿ, ಶಾಯಿಯ ಬೆಟ್ಟವೊಂದರ ಅರ್ಧವನ್ನೇ ನುಂಗಿತ್ತು. ಅಡ್ಡಲಾಗಿ ಬಿಚ್ಚಿಟ್ಟ ಉದ್ದನೆಯ ಸುರುಳಿಯನ್ನು ಬಲದಿಂದ ಎಡಕ್ಕೆ ನೋಡಬೇಕು. ಎಡದಿಂದ ಬರುವವರೊಡನೆ ನಡುವೆ ಹೆಗಲು ತಗುಲುವುದು ಖಚಿತ. ನಾನು ನೋಡಿದ ಸುರುಳಿಯಲ್ಲಿ ಮಂಜನ್ನು ಬರೆದಿರಲಿಲ್ಲ, ಕಾಗದವನ್ನು ಹಾಗೆಯೇ ಬಿಟ್ಟಿದ್ದರು. ಆ ಖಾಲಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೋಣಿ, ಅದರಲ್ಲಿ ಎರಡೇ ಗೆರೆಯ ಮನುಷ್ಯ; ಅದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಶಾಲಾ ಮಕ್ಕಳ ಗುಂಪು ಬಂದ ಮೇಲೆ ಅದು ಸಾಧ್ಯವಾಗಲಿಲ್ಲ, ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಲೇ ಒಳಹೊಕ್ಕುಬಿಡಿ.

ಊಟಕ್ಕೆ ಗ್ಲಾಸ್ಟರ್ ಗ್ರೀನಿನ ಬಯಲು ಸಂತೆಗೆ ಮರಳಿ ಬನ್ನಿ. ಅಲ್ಲೊಂದು ಗಾಡಿಯಲ್ಲಿ ಹಬೆಯಲ್ಲಿ ಬೇಯಿಸಿದ, ಎಲೆಕೋಸು ಮತ್ತು ಅಣಬೆ ತುಂಬಿದ ಕಡುಬಿನಂಥವನ್ನು ಬಿದಿರಿನ ಬುಟ್ಟಿಯಿಂದಲೇ ಎತ್ತಿ ಕೊಡುತ್ತಿದ್ದರು. ಹೊದಿಕೆ ನಮ್ಮ ಮೋದಕದ್ದಕ್ಕಿಂತ ತೆಳು. ಕಚ್ಚಿದೊಡನೆ ಬಿಸಿ ರಸ ಗದ್ದಕ್ಕಿಳಿಯುತ್ತದೆ. ಜೊತೆಗೆ ಕೊಡುವ ಮೆಣಸಿನಕಾಯಿ ಎಣ್ಣೆಯ ಖಾರ ಉತ್ತರ ಕರ್ನಾಟಕದವರನ್ನೂ ತೃಪ್ತಿಪಡಿಸೀತು. ಮಾಂಸ ತಿನ್ನದವರು ಎರಡು ಬಾರಿ ಕೇಳಿ ಖಚಿತಪಡಿಸಿಕೊಳ್ಳಿ. ಮರುದಿನವೂ ನಾನು ಅಲ್ಲೇ ಉಂಡೆ.

ತಂಗಿದ ಕೋಣೆಯ ಬಗ್ಗೆ ಇಷ್ಟೇ: ಲಿಫ್ಟಿಲ್ಲದ ಮೂರನೆಯ ಮಹಡಿ, ಕಿಟಕಿಯಾಚೆ ಇಟ್ಟಿಗೆಯ ಗೋಡೆ, ಊಟದ ಖರ್ಚಿನ ಹತ್ತರಷ್ಟು ಬಾಡಿಗೆ. ಬೆಳಗಿನ ರೈಲಿಗೆ ಬಂದು ಸಂಜೆ ಮರಳಿದರೆ ಈ ಬಾಬ್ತು ಉಳಿಯುತ್ತದೆ.

ಉಗ್ರಾಣದಲ್ಲಿರುವ ಚಿತ್ರಗಳನ್ನು ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಅಧ್ಯಯನ ಕೊಠಡಿಯಲ್ಲಿ ನೋಡಲು ಅವಕಾಶವಿದೆಯೆಂದು ನನಗೆ ತಿಳಿದದ್ದು, ಹಿಂದಿರುಗುವ ಸಂಜೆ ಕೋಟು ತೊಡುತ್ತಿದ್ದಾಗ.