ಭರತದ ಹೊತ್ತಿಗೆ ಸುರಿಯುವ ಮಳೆ

ಮಂಗಳೂರು, 24 ಜುಲೈ 2025, ಗುರುವಾರ. ತುಳುವರ ಆಟಿ ತಿಂಗಳ ಅಮಾವಾಸ್ಯೆ.

ಈ ದಿನದ ರೂಢಿಯಂತೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು ಬೆಳಿಗ್ಗೆಯೇ ಕಡಲ ದಡದ ಸೋಮೇಶ್ವರಕ್ಕೆ ಹೋದೆ. ತೀರ್ಥಸ್ನಾನಕ್ಕೆ ಬಂದ ಕೆಲವರು ಅಲೆಗೆ ಹೆದರಿ ತಲೆಗೆ ನೀರು ಚಿಮುಕಿಸಿಕೊಂಡು ಹಿಂದಿರುಗುತ್ತಿದ್ದರು. ಅಲ್ಲಿಂದ ತೆಂಕಕ್ಕೆ, ಉಚ್ಚಿಲದ ಕಡೆ ಹೋದರೆ ಒಂದು ಕಡೆ ಡಾಂಬರಿನ ಅಂಚು ಮುರಿದು ತಡೆಗೋಡೆಯ ಕಲ್ಲುಗಳ ಮೇಲೆ ಬಿದ್ದಿದೆ. ಬುಡದ ಮರಳು ಹೋದ ತೆಂಗಿನ ಬೇರೆಲ್ಲ ಹೊರಗೆ. ಅಂಗಳದಲ್ಲಿದ್ದ ಹೆಂಗಸೊಬ್ಬರನ್ನು, "ಅಕ್ಕಾ, ಬಾವಿ ನೀರು ಹೇಗುಂಟು?" ಅಂತ ಕೇಳಿದೆ. "ಮಳೆಗಾಲದಲ್ಲಿ ತೊಂದ್ರೆ ಇಲ್ಲ. ಮಾರ್ಚಿ ಬಂದ್ರೆ ಉಪ್ಪು, ಅನ್ನ ಬೇಯಿಸ್ಲಿಕ್ಕೂ ಆಗುದಿಲ್ಲ" ಅಂದರು.

ಈ ಕಡಲ್ಕೊರೆತಕ್ಕೆಲ್ಲ ಏರುವ ಕಡಲೇ ಕಾರಣ ಅನ್ನುವುದು ಸರಿಯಲ್ಲ. ನೇತ್ರಾವತಿ ಅಳಿವೆಯಲ್ಲಿ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಗೋಡೆ, ಕಟ್ಟಿದಲ್ಲಿಂದ ಮರಳಿನ ಓಡಾಟವೇ ಬದಲಾಗಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ಅಲೆಯ ಹೊಡೆತ ತಗ್ಗಿಸಲು ಉಳ್ಳಾಲಕ್ಕೆ ರೀಫ್ (ನೀರೊಳಗಿನ ದಿಬ್ಬ), ಸೋಮೇಶ್ವರಕ್ಕೆ ಬರ್ಮ್ (ದಡದ ಹತ್ತಿರದ ಕಲ್ಲಿನ ದಿಬ್ಬ) ಬಂದವು. ಕೊರೆತ ತೆಂಕಕ್ಕೆ ಸರಿಯಿತು. ಇದರ ಜೊತೆಗೇ ಕಡಲೂ ಏರುತ್ತಿದೆ. ಹವಾಮಾನ ಬದಲಾವಣೆಯ ವಿಶ್ವಸಂಸ್ಥೆ ಸಮಿತಿ ಐಪಿಸಿಸಿ ಲೆಕ್ಕದಲ್ಲಿ 1901ರಿಂದ 2018ರೊಳಗೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂ.ಮೀ. ಮೇಲೆ ಬಂದಿದೆ, 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿ.ಮೀ. 2021ರ ತೌಕ್ತೆಯಂಥ ಚಂಡಮಾರುತದ ಅಲೆ ಏಳುವುದು ಈ ಏರಿದ ನೀರಿನ ಮೇಲೆ.

ನನಗೆ ಇನ್ನೂ ಹೆಚ್ಚಿನ ಚಿಂತೆ, ಕಡಲು ಕಣ್ಣಿಗೇ ಬೀಳದ ಮಂಗಳೂರಿನದು. ಕೊಟ್ಟಾರ ಚೌಕಿ, ಪಂಪ್‌ವೆಲ್, ಜೆಪ್ಪಿನಮೊಗರಿನಲ್ಲಿ ನೀರು ನಿಂತಾಗಲೆಲ್ಲ ರಾಜಕಾಲುವೆಯ ಹೂಳನ್ನು ಬಯ್ಯುತ್ತೇವೆ. ಹೂಳು ತೆಗೆಯಲೇಬೇಕು, ನಿಜ. ಆದರೆ ಕಾಲುವೆ ಸೇರುವುದು ನದಿಗೆ, ಇಲ್ಲಿ ನದಿಗೂ ಕಡಲಿನಂತೆ ಭರತ ಇಳಿತ, ಅಂದರೆ ನೀರು ಏರುವುದು ಇಳಿಯುವುದು, ಉಂಟು. ಅಮಾವಾಸ್ಯೆಯ ದೊಡ್ಡ ಭರತಕ್ಕೇ ಜೋರು ಮಳೆ ಬಂದರೆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಇಳಿತ ಬರುವ ತನಕ ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದದ್ದು ತಗ್ಗಿನ ಬೈಲುಗದ್ದೆಗಳು. ಗುಡ್ಡ ಅಗೆದ ಕೆಂಪು ಮಣ್ಣನ್ನು ಅವಕ್ಕೆ ಸುರಿದು ಫ್ಲ್ಯಾಟ್ ಎಬ್ಬಿಸಿದೆವು. ಕಡಲ ಮಟ್ಟ ಒಂದು ಗೇಣು ಏರಿದರೂ ಸಾಕು, ಇವತ್ತು ವರ್ಷಕ್ಕೊಮ್ಮೆ ಕಾಣುವ ನೆರೆ ಪ್ರತಿ ಅಮಾವಾಸ್ಯೆ ಹುಣ್ಣಿಮೆಯ ಪಾಡಾಗಬಹುದು.

ಹೀಗಿರುವಾಗ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ಕಟ್ಟಬಾರದ ಜಾಗವನ್ನು ಭರತರೇಖೆಯಿಂದ 200 ಮೀಟರ್ ಇದ್ದದ್ದನ್ನು 50ಕ್ಕೆ ಇಳಿಸಿತು. ದಡದ ಮೀನುಗಾರರಿಗೆ ಮನೆ ಕಟ್ಟಿಕೊಳ್ಳಲು ಜಾಗ ಬೇಕು, ಅದನ್ನು ಅಲ್ಲಗಳೆಯಲಾರೆ. ಅದೇ ಸಡಿಲಿಕೆಯ ಬೆನ್ನಿಗೆ ರೆಸಾರ್ಟುಗಳೂ ಕಡಲಂಚಿಗೆ ಬರಬಾರದು.

ಸಂಜೆ ಮಳೆ ಹೊಳವಾದಾಗ ನಮ್ಮ ಮನೆ ಹಿಂದಿನ ಬೈಲಿಗೆ ಮತ್ತೆ ಟಿಪ್ಪರಿನಲ್ಲಿ ಮಣ್ಣು ಬಂತು. ಸರ್ವೆ ನಂಬರ್ ಸಮೇತ ಆಕ್ಷೇಪದ ಅರ್ಜಿ ಬರೆದಿಟ್ಟಿದ್ದೇನೆ. ಈ ಗದ್ದೆ ತುಂಬಿಸಿದ ಮೇಲೆ, ದೊಡ್ಡ ಭರತದ ದಿನ, ಇಲ್ಲಿಯ ಮಳೆನೀರು ಎಲ್ಲಿ ನಿಲ್ಲಬೇಕು ಅಂತ ಬರಹದಲ್ಲಿ ಉತ್ತರ ಕೇಳಿದ್ದೇನೆ. ನಾಳೆ ಕಚೇರಿ ತೆರೆದ ಕೂಡಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು.